ಡ್ರಮ್ಮಿನ ಹಿಂದೊಂದು ಕ್ಯಾಮೆರಾ

ಸಿರುಗುಪ್ಪದಲ್ಲಿ ಮದುವೆ ಮೆರವಣಿಗೆ ಹೊರಟರೆ ಬ್ಯಾಂಡಿನವರು ಮುಂದೆ. ಅವರಿಗೂ ಮುಂದೆ ಹಿಮ್ಮುಖವಾಗಿ ಹೆಜ್ಜೆ ಹಾಕುವ ಫೋಟೊಗ್ರಾಫರ್. ಆಲ್ಬಮ್ ಬಂದ ಮೇಲೆ ನೋಡಿ: ವರ ಇರುತ್ತಾನೆ, ಬೀಗರಿರುತ್ತಾರೆ, ಬೆವರು ಸುರಿಸಿ ಡ್ರಮ್ ಬಾರಿಸಿದವನ ಅರ್ಧ ಭುಜ ಮಾತ್ರ ಮೂಲೆಯಲ್ಲೆಲ್ಲೋ ಇರುತ್ತದೆ. ಅವನ ಕೈಗೇ ಕ್ಯಾಮೆರಾ ಕೊಟ್ಟಿದ್ದರೆ?

ಜಗತ್ತಿನ ಅತಿ ಪ್ರಸಿದ್ಧ ರಾಕ್ ತಂಡ ಬೀಟಲ್ಸ್‌ನಲ್ಲಿ ಹಾಗೆಯೇ ಆಯಿತು. ಅದರ ಡ್ರಮ್ಮರ್ ರಿಂಗೋ ಸ್ಟಾರ್ ಛಾಯಾಗ್ರಾಹಕನೂ ಹೌದು.

ಆತನ ನಿಜ ಹೆಸರು ರಿಚರ್ಡ್ ಸ್ಟಾರ್ಕಿ. 1940ರ ಜುಲೈ 7ರಂದು ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲ್‌ನ ಬಡ ಕುಟುಂಬದಲ್ಲಿ ಜನನ. ಆರನೇ ವಯಸ್ಸಿನಲ್ಲಿ ಕರುಳಿನ ಬೇನೆಯಿಂದ ಆಸ್ಪತ್ರೆ ಸೇರಿದ ಹುಡುಗ ಸುಮಾರು ಒಂದು ವರ್ಷ ಅಲ್ಲೇ ಕಳೆದ. ಹದಿಮೂರಕ್ಕೆ ಮತ್ತೆ ಕ್ಷಯ. ಶಾಲೆ ಕೈಬಿಟ್ಟಿತು, ಆದರೆ ಆಸ್ಪತ್ರೆ ಒಂದು ವಿದ್ಯೆ ಕೊಟ್ಟಿತು. ಮಕ್ಕಳ ಬೇಸರ ಕಳೆಯಲು ಅಲ್ಲಿನ ಸಿಬ್ಬಂದಿ ಕಟ್ಟಿದ್ದ ವಾದ್ಯಮೇಳದಲ್ಲಿ ರಿಂಗೋ ದಾರದ ಉರುಳೆಯನ್ನೇ ಕೋಲಾಗಿಸಿ ಹಾಸಿಗೆ ಪಕ್ಕದ ಕಪಾಟು ಬಾರಿಸುತ್ತಿದ್ದ. ಮುಂದೆ 1957ರಲ್ಲಿ ಮಲತಂದೆ ಹ್ಯಾರಿ ಹಳೆಯ ಡ್ರಮ್ ಸೆಟ್ಟೊಂದನ್ನು ಕೊಂಡು ತಂದುಕೊಟ್ಟ. ಎಡಚನಾದರೂ ಬಲಗೈಯವರ ಸೆಟ್ಟಿನಲ್ಲೇ ಪಳಗಿದ. ಆತನ ಉರುಳಿಕೆಗಳು ಬೇರೆಯವರಿಗೆ ಅಷ್ಟು ಸುಲಭವಾಗಿ ಒಲಿಯದಿರಲು ಇದೇ ಕಾರಣ ಎನ್ನುತ್ತಾರೆ.

1962ರ ಆಗಸ್ಟ್‌ನಲ್ಲಿ ಬೀಟಲ್ಸ್ ಸೇರಿದ ಮೇಲೆ ಈ ನಾಲ್ವರ ಮೇಲೆ ಬಿದ್ದಷ್ಟು ಕ್ಯಾಮೆರಾಗಳು ಆ ಕಾಲದಲ್ಲಿ ಬೇರೆ ಯಾರ ಮೇಲೂ ಬಿದ್ದಿರಲಾರವು. ಆದರೆ ಪತ್ರಿಕಾ ಛಾಯಾಗ್ರಾಹಕನಿಗೆ ಸಿಗುವುದು ವೇದಿಕೆ, ವಿಮಾನ ನಿಲ್ದಾಣ, ಕೈಬೀಸು ಅಷ್ಟೆ. ಹೋಟೆಲ್ ಕೋಣೆಯ ಆಕಳಿಕೆ, ಕಾರಿನೊಳಗಿನ ತೂಕಡಿಕೆ ಸಿಕ್ಕಿದ್ದು ರಿಂಗೋಗೆ. ತಂಡದ ಮೊದಲ ಚಲನಚಿತ್ರದಲ್ಲೂ (1964) ಆತ ಕ್ಯಾಮೆರಾ ಹಿಡಿದು ನದಿ ದಂಡೆಯಲ್ಲಿ ಒಬ್ಬನೇ ಅಲೆಯುವ ದೃಶ್ಯವಿದೆ. ನನ್ನ ಮಟ್ಟಿಗೆ ಆ ಸಿನಿಮಾದಲ್ಲಿ ನೆನಪಿನಲ್ಲಿ ಉಳಿಯುವುದು ಅದೇ.

1968ರ ಫೆಬ್ರುವರಿಯಲ್ಲಿ ತಂಡ ಹೃಷಿಕೇಶಕ್ಕೆ, ಮಹರ್ಷಿ ಮಹೇಶ್ ಯೋಗಿ ಅವರ ಆಶ್ರಮಕ್ಕೆ ಬಂದಿತ್ತು. ಬಾಲ್ಯದ ಬೇನೆಯಿಂದ ಹೊಟ್ಟೆ ಸೂಕ್ಷ್ಮವಾಗಿದ್ದ ರಿಂಗೋ ಡಬ್ಬಿ ಬೀನ್ಸ್ ಕಟ್ಟಿಕೊಂಡೇ ಬಂದಿದ್ದ. ಹತ್ತು ದಿನಕ್ಕೇ ವಾಪಸಾದ. ಆಶ್ರಮದ ಊಟಕ್ಕೇ ಹೀಗಾದರೆ ನಮ್ಮ ಬಳ್ಳಾರಿ ಸೀಮೆಯ ಖಾರಕ್ಕೆ ಏನಾಗುತ್ತಿತ್ತೋ!

1970ರಲ್ಲಿ ತಂಡ ಒಡೆಯಿತು. 1973ರಲ್ಲಿ ಜಾರ್ಜ್ ಹ್ಯಾರಿಸನ್ ಜೊತೆ ಬರೆದು ರಿಂಗೋ ಹಾಡಿದ ಗೀತೆ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಅದರ ಹೆಸರೂ ‘ಫೋಟೊಗ್ರಾಫ್’. ಅದಕ್ಕೆ ಹಿಂದಿನ ವರ್ಷ ಗಾಯಕ ಮಾರ್ಕ್ ಬೊಲಾನ್ ಕುರಿತು ಒಂದು ಚಿತ್ರ ನಿರ್ದೇಶಿಸಿದ್ದ. ಬೊಲಾನ್‌ನ ‘ದಿ ಸ್ಲೈಡರ್’ ಧ್ವನಿಮುದ್ರಿಕೆಯ ಹೊದಿಕೆ ಚಿತ್ರಕ್ಕೆ ರಿಂಗೋ ಹೆಸರೇ ಅಚ್ಚಾಗಿದೆ. ಆದರೆ ಅದನ್ನು ತೆಗೆದದ್ದು ತಾನು ಎಂದು ಅದರ ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳುತ್ತ ಬಂದಿದ್ದಾರೆ. ಫೋಟೊದಲ್ಲಿ ಇರುವವರು ಕಾಣುತ್ತಾರೆ, ತೆಗೆದವನು ಕಾಣುವುದಿಲ್ಲವಲ್ಲ. ಇಂಥ ಜಗಳ ಬಗೆಹರಿಸುವುದು ಕಷ್ಟ.

ಕಳೆದುಹೋದವೆಂದುಕೊಂಡಿದ್ದ ಹಳೆಯ ನೆಗೆಟಿವ್‌ಗಳು ದಶಕಗಳ ಬಳಿಕ ಸಿಕ್ಕಿ 2013ರಲ್ಲಿ ಹೊರಬಂದವು. ಅವುಗಳಲ್ಲೊಂದು 1964ರ ಅಮೆರಿಕ ಪ್ರವಾಸದ್ದು. ಪಕ್ಕದ ಕಾರಿನಿಂದ ಐವರು ಹರೆಯದವರು ಬೆರಗಾಗಿ ನೋಡುತ್ತಿದ್ದಾರೆ. ಕಿಟಕಿಯಾಚೆಯಿಂದ ರಿಂಗೋ ಗುಂಡಿ ಒತ್ತಿದ್ದಾನೆ. ಇವರು ಯಾರು ಎಂದು ಪತ್ರಿಕೆಗಳು ಹುಡುಕಿದವು. ಸಿಕ್ಕೂ ಸಿಕ್ಕರು! ಬೀಟಲ್ಸ್ ನೋಡಲೆಂದು ಶಾಲೆ ತಪ್ಪಿಸಿ ಬಂದಿದ್ದ ನ್ಯೂಜೆರ್ಸಿಯ ವಿದ್ಯಾರ್ಥಿಗಳು. ಅಷ್ಟರಲ್ಲಿ ಅವರಿಗೆ ಅರವತ್ತು ದಾಟಿತ್ತು.

2015ರ ಸೆಪ್ಟೆಂಬರ್‌ನಲ್ಲಿ ಈ ಚಿತ್ರಗಳು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಗೋಡೆ ಏರಿದವು.