ಇಂಗ್ಲಿಷ್ ವ್ಯಾಕರಣದಲ್ಲಿ ಸರ್ವನಾಮಗಳು: ಕನ್ನಡ ಬಲ್ಲವರು ಗಮನಿಸಬೇಕಾದ ಅಂಶಗಳು

ನಾಮಪದದ ಸ್ಥಾನದಲ್ಲಿ ನಿಂತು ಅದೇ ವ್ಯಕ್ತಿ ಅಥವಾ ವಸ್ತುವನ್ನು ಸೂಚಿಸುವ ಪದವೇ ಸರ್ವನಾಮ. ನಾನು, ನೀನು, ಅವನು, ಅವಳು, ಅದು ಎಂಬಿವುಗಳಿಗೆ ಇಂಗ್ಲಿಷಿನಲ್ಲಿ ಕ್ರಮವಾಗಿ ಐ, ಯೂ, ಹೀ, ಶೀ, ಇಟ್ ಎಂಬ ರೂಪಗಳಿವೆ. ಹೀಗೆ ಒಂದಕ್ಕೊಂದು ಹೊಂದಿಸಿ ಕಲಿಯುವುದು ಸುಲಭವಾದರೂ, ಎರಡು ಭಾಷೆಗಳ ಕ್ರಮ ಭಿನ್ನವಾಗಿರುವ ಕಡೆಗಳಲ್ಲಿಯೇ ಅರ್ಜಿ ಹಾಗೂ ಪತ್ರಗಳಲ್ಲಿ ದೋಷಗಳು ಉಂಟಾಗುತ್ತವೆ.

ಮೊದಲಿಗೆ ಪಾರಿಭಾಷಿಕ ಪದಗಳ ಬಗ್ಗೆ ಎಚ್ಚರ ಅಗತ್ಯ. ಇಂಗ್ಲಿಷಿನ 'ಫಸ್ಟ್ ಪರ್ಸನ್' ಎಂಬುದು ಕನ್ನಡದ ಉತ್ತಮ ಪುರುಷ. ನಮ್ಮ ಪ್ರಥಮ ಪುರುಷ ಅವರಲ್ಲಿ 'ಥರ್ಡ್ ಪರ್ಸನ್'. ಪದಶಃ ಅನುವಾದಿಸಿದಲ್ಲಿ ಪಾಠವೇ ತಲೆಕೆಳಗಾಗುತ್ತದೆ.

ಹೆಚ್ಚಿನ ಗೊಂದಲವಿರುವುದು ಗೌರವ ಸೂಚನೆಯಲ್ಲಿ. ಕನ್ನಡದಲ್ಲಿ ಹಿರಿಯರೊಬ್ಬರನ್ನು 'ಅವರು' ಎಂದು ಬಹುವಚನದಲ್ಲಿ ನಿರ್ದೇಶಿಸುವುದು ವಾಡಿಕೆ. ಇಂಗ್ಲಿಷಿನಲ್ಲಿ ಈ ಗೌರವಾರ್ಥಕ ಬಹುವಚನವಿಲ್ಲ. ತಂದೆಯವರಾಗಲಿ, ಮುಖ್ಯೋಪಾಧ್ಯಾಯಿನಿಯವರಾಗಲಿ, ಹೀ ಅಥವಾ ಶೀ ಎಂದೇ ಬರೆಯತಕ್ಕದ್ದು, ಇದು ಅಗೌರವವೆನಿಸುವುದಿಲ್ಲ. ರಜೆಯ ಅರ್ಜಿಯಲ್ಲಿ ತಂದೆಯವರ ಕಾಯಿಲೆಯನ್ನು ತಿಳಿಸುತ್ತಾ 'ದೇ ಆರ್ ಇನ್ ಹಾಸ್ಪಿಟಲ್' ಎಂದು ಬರೆದಲ್ಲಿ, ಆಸ್ಪತ್ರೆಯಲ್ಲಿರುವವರು ಒಬ್ಬರಿಗಿಂತ ಹೆಚ್ಚು ಎಂಬ ಅರ್ಥ ಬರುವ ಸಂಭವವಿದೆ.

ಆದರೆ 'ದೇ' ಸದಾ ಬಹುವಚನ ಎಂಬ ನಿಯಮವೂ ಪೂರ್ಣ ಸರಿಯಲ್ಲ. ಗಂಡೋ ಹೆಣ್ಣೋ ತಿಳಿಯದ ಒಬ್ಬ ವ್ಯಕ್ತಿಯನ್ನು ಹಾಗೆ ಸೂಚಿಸುವ ರೂಢಿ 14ನೇ ಶತಮಾನದಿಂದಲೂ ಇದೆ. ತಮ್ಮನ್ನು ಹೀ ಅಥವಾ ಶೀ ಎಂದು ಗುರುತಿಸಿಕೊಳ್ಳದವರ ಬಗೆಗಿನ ಪ್ರಯೋಗವನ್ನು ಮೆರಿಯಮ್-ವೆಬ್‌ಸ್ಟರ್ ನಿಘಂಟು 2019ರಲ್ಲಿ ಸೇರಿಸಿಕೊಂಡಿತು. ಇಲ್ಲಿಯೂ ಕ್ರಿಯಾಪದ 'ಆರ್' ಎಂದೇ ಉಳಿಯುತ್ತದೆ. 'ಯೂ' ಪದದ ಕಥೆಯೂ ಇಂಥದ್ದೇ. ಅದು ಮೂಲತಃ ಬಹುವಚನ. ಏಕವಚನಕ್ಕೆ 'ದೌ' ಇತ್ತು. ನಮ್ಮ 'ನೀವು' ಪದದಂತೆ ಗೌರವಕ್ಕಾಗಿ ಒಬ್ಬರಿಗೂ 'ಯೂ' ಬಳಕೆಯಾಗಿ, 17ನೇ ಶತಮಾನದಲ್ಲಿ 'ದೌ' ಸಾಮಾನ್ಯ ಬಳಕೆಯಿಂದ ಬಹುಮಟ್ಟಿಗೆ ಮರೆಯಾಯಿತು.

ಕನ್ನಡದಲ್ಲಿ 'ಬಂದೆನು' ಎಂದರೆ ಸಾಕು, ಕರ್ತೃ ಕ್ರಿಯಾಪದದಲ್ಲಿಯೇ ಅಡಗಿದೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಕರ್ತೃವನ್ನು ಬಿಡುವಂತಿಲ್ಲ; ಮಳೆ ಬರುತ್ತಿದೆ ಎನ್ನಲೂ 'ಇಟ್' ಬೇಕು.

ಕನ್ನಡಕ್ಕಿರುವ ಒಂದು ಅನುಕೂಲ ಇಂಗ್ಲಿಷಿಗಿಲ್ಲ. 'ರವಿಯು ಸೋಮುವಿಗೆ ತನ್ನ ಜಮೀನಿನ ಪತ್ರವನ್ನು ಕೊಟ್ಟನು' ಎಂದಾಗ ಜಮೀನು ರವಿಯದೆಂಬುದು ಸ್ಪಷ್ಟ. ಇಂಗ್ಲಿಷಿನ 'ಹಿಸ್' ಎಂಬುದು ತನ್ನ, ಅವನ ಎರಡಕ್ಕೂ ಸಲ್ಲುವುದರಿಂದ ಜಮೀನು ಯಾರದೆಂಬ ಸಂದೇಹ ಉಳಿಯುತ್ತದೆ. ಆದ್ದರಿಂದ ಕ್ರಯಪತ್ರ, ಪ್ರಮಾಣಪತ್ರ ಮೊದಲಾದವುಗಳಲ್ಲಿ ಸರ್ವನಾಮದ ಬದಲು ಹೆಸರನ್ನೇ ಮತ್ತೆ ಬರೆಯುವುದು ಸೂಕ್ತ.