ಸೂಸನ್ ಬುಚರ್

ಸೂಸನ್ ಬುಚರ್ (26 ಡಿಸೆಂಬರ್ 1954 – 5 ಆಗಸ್ಟ್ 2006): ಅಮೆರಿಕದ ನಾಯಿಸ್ಲೆಡ್ (ನಾಯಿಗಳು ಎಳೆಯುವ ಹಿಮಬಂಡಿ) ಓಟಗಾರ್ತಿ. ಅಲಾಸ್ಕದ ಇಡಿಟರಾಡ್ ಪಂದ್ಯವನ್ನು 1986, 1987, 1988 ಮತ್ತು 1990ರಲ್ಲಿ ಗೆದ್ದವರು. ಅದನ್ನು ಸತತ ಮೂರು ವರ್ಷ ಗೆದ್ದ ಮೊದಲಿಗರೂ ಅವರೇ.

ಹುಟ್ಟಿ ಬೆಳೆದದ್ದು ಮ್ಯಾಸಚೂಸೆಟ್ಸ್‌ನಲ್ಲಿ. ಓದು-ಬರಹದ ತೊಡಕಾದ ಡಿಸ್ಲೆಕ್ಸಿಯಾದಿಂದ ಶಾಲೆ ಕಷ್ಟವಾಯಿತು. ಮನಸ್ಸು ಪ್ರಾಣಿಗಳತ್ತ ವಾಲಿತು. ಕೊಲೊರಾಡೊದಲ್ಲಿ ಪಶುವೈದ್ಯರ ಸಹಾಯಕಿಯಾಗಿದ್ದು, 1975ರಲ್ಲಿ ಅಲಾಸ್ಕಕ್ಕೆ ಬಂದು ರ‍್ಯಾಂಗಲ್ ಪರ್ವತಗಳ ನಿರ್ಜನ ಪ್ರದೇಶದಲ್ಲಿ ನೆಲೆಸಿದರು. ಇಡಿಟರಾಡ್‌ನ ಸ್ಥಾಪಕ ಜೋ ರೆಡಿಂಗ್ಟನ್ ಅವರ ಬಳಿ ಪಳಗಿ, 1979ರಲ್ಲಿ ಅವರ ಜೊತೆಗೇ 6,190 ಮೀಟರ್ ಎತ್ತರದ ಡೆನಾಲಿ ಶಿಖರಕ್ಕೆ ನಾಯಿಸ್ಲೆಡ್ ಹತ್ತಿಸಿದರು.

ಆಂಕರೇಜ್ ಕಡೆಯಿಂದ ಬೇರಿಂಗ್ ಸಮುದ್ರದ ದಡದ ನೋಮ್ ಪಟ್ಟಣದವರೆಗೆ ಸುಮಾರು 1,600 ಕಿ.ಮೀ. ಹಿಮದಾರಿಯ ಇಡಿಟರಾಡ್ ಓಟಕ್ಕೆ ಬುಚರ್ ಮೊದಲು ಇಳಿದದ್ದು 1978ರಲ್ಲಿ. ಬಂದದ್ದು 19ನೇ ಸ್ಥಾನ. 1982 ಮತ್ತು 1984ರಲ್ಲಿ ಎರಡನೆಯವರಾದರು. 1985ರಲ್ಲಿ ಗೆಲುವಿನ ಭರವಸೆ ಹುಟ್ಟಿಸಿದ್ದಾಗಲೇ ದಾರಿಗಡ್ಡ ನಿಂತ ಒಂದು ಮೂಸ್ (ಭಾರೀ ಗಾತ್ರದ ಜಿಂಕೆ) ಅವರ ನಾಯಿತಂಡದ ಮೇಲೆ ಎರಗಿತು. ಎರಡು ನಾಯಿಗಳು ಸತ್ತವು, ಹಲವಕ್ಕೆ ಪೆಟ್ಟಾಯಿತು. ಬುಚರ್ ಪಂದ್ಯ ಬಿಟ್ಟರು. ಆ ವರ್ಷ ಲಿಬ್ಬಿ ರಿಡಲ್ಸ್ ಬಿರುಗಾಳಿಯಲ್ಲೇ ಮುನ್ನುಗ್ಗಿ, ಇಡಿಟರಾಡ್ ಗೆದ್ದ ಮೊದಲ ಮಹಿಳೆಯಾದರು. ಮರುವರ್ಷದಿಂದ ಬುಚರ್ ಅವರ ಕಾಲ. 1990ರಲ್ಲಿ 11 ದಿನ 1 ಗಂಟೆ 53 ನಿಮಿಷಗಳಲ್ಲಿ ನೋಮ್ ತಲುಪಿದ್ದು ಆಗಿನ ದಾಖಲೆ.

ಬುಚರ್ ಅವರ ಸಾಧನೆಯ ಬೇರು ಇರುವುದು ಅಲಾಸ್ಕದ ಯುರೇಕಾದಲ್ಲಿದ್ದ ಅವರ ನಾಯಿಬಿಡಾರದಲ್ಲಿ. ಅಲ್ಲಿ ಮರಿಗಳು ಹುಟ್ಟಿದಾಗಿನಿಂದ ಅವರ ಕೈಯಲ್ಲೇ ಬೆಳೆಯುತ್ತಿದ್ದವು. ಅವರ ದನಿ, ಮೈವಾಸನೆ, ಸ್ಪರ್ಶ ಎಳವೆಯಲ್ಲೇ ಮೈಗೂಡುತ್ತಿತ್ತು. ಬಿಳಿ ಹಿಮದಲ್ಲಿ ದಾರಿಯೇ ಕಾಣದಾಗ ಸವಾರ ನಂಬಬೇಕಾದದ್ದು ಮುಂದಾಳು ನಾಯಿಯನ್ನು; ಆ ನಂಬಿಕೆ ಪಂದ್ಯದ ದಿನ ಹುಟ್ಟುವಂಥದಲ್ಲ. ಅವರ ಪ್ರಸಿದ್ಧ ಮುಂದಾಳು ಗ್ರಾನೈಟ್ ಮೊದಲ ಮೂರು ಗೆಲುವುಗಳ ಜೊತೆಗಾರ. ಹಾಗಾಗಿ ಅವರನ್ನು ಓಟಗಾರ್ತಿ ಎನ್ನುವಷ್ಟೇ ನಾಯಿ ಸಾಕುವ ಕಲೆಯ ದೊಡ್ಡ ಗುರು ಎನ್ನುವುದೂ ನ್ಯಾಯ. ಗಂಡಸರದೇ ಎನಿಸಿಕೊಂಡಿದ್ದ ಕ್ರೀಡೆಯಲ್ಲಿ ಅವರು ‘ಮಹಿಳಾ ವಿಭಾಗ’ದ ರಿಯಾಯಿತಿಯಿಲ್ಲದೆ, ಎಲ್ಲರೊಡನೆ ಒಂದೇ ಗೆರೆಯಲ್ಲಿ ನಿಂತು ಗೆದ್ದರು.

1985ರಲ್ಲಿ ಸಹ ಓಟಗಾರ ಡೇವಿಡ್ ಮಾನ್ಸನ್ ಅವರನ್ನು ಮದುವೆಯಾದರು. ಮಕ್ಕಳನ್ನು ಪಡೆಯುವ ಆಸೆಯಿಂದ 1990ರ ದಶಕದ ನಡುವೆ ಓಟ ನಿಲ್ಲಿಸಿದರು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. 2005ರ ಕೊನೆಗೆ ರಕ್ತದ ಕ್ಯಾನ್ಸರ್ ಪತ್ತೆಯಾಯಿತು. ಅಸ್ಥಿಮಜ್ಜೆ ಕಸಿಯ ಬಳಿಕವೂ ಚೇತರಿಸಿಕೊಳ್ಳದೆ, 51ನೇ ವಯಸ್ಸಿನಲ್ಲಿ ಸಿಯಾಟಲ್‌ನಲ್ಲಿ ನಿಧನರಾದರು. ಅಲಾಸ್ಕ ರಾಜ್ಯ 2008ರಲ್ಲಿ ಕಾನೂನು ಮಾಡಿ ಮಾರ್ಚ್ ತಿಂಗಳ ಮೊದಲ ಶನಿವಾರವನ್ನು ‘ಸೂಸನ್ ಬುಚರ್ ದಿನ’ವೆಂದು ಸಾರಿತು. ಇಡಿಟರಾಡ್ ಆರಂಭವಾಗುವುದೂ ಅದೇ ದಿನ.