ಪುನರ್ನಿರ್ಮಾಣಕಾಲದ ಚರಿತ್ರೆಯೂ ಅದರ ಬೋಧನೆಯೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಂತರ್ಯುದ್ಧವು 1865ರಲ್ಲಿ ಮುಗಿದಂದಿನಿಂದ 1877ರವರೆಗಿನ ಕಾಲಕ್ಕೆ ಪುನರ್ನಿರ್ಮಾಣವೆಂದು ಹೆಸರು. ದಾಸ್ಯನಿಷೇಧ, ಪೌರತ್ವ, ಮತದಾನ ಇವುಗಳನ್ನು ಕುರಿತ ಮೂರು ತಿದ್ದುಪಡಿಗಳು 1865, 1868, 1870ರಲ್ಲಿ ರಾಜ್ಯಾಂಗವನ್ನು ಸೇರಿದುವು. ಇಷ್ಟು ನಿರ್ವಿವಾದ. ಈ ಕಾಲವನ್ನು ಕಾಲೇಜುಗಳಲ್ಲಿ ಬೋಧಿಸಿದ ಬಗೆಯಾದರೋ ಬೇರೆಯೇ ಒಂದು ಚರಿತ್ರೆ.

ಕೊಲಂಬಿಯ ವಿಶ್ವವಿದ್ಯಾನಿಲಯದ ವಿಲಿಯಂ ಡನಿಂಗ್ ಅವರೂ ಅವರ ಶಿಷ್ಯರೂ ದಕ್ಷಿಣದ ಸಂಸ್ಥಾನಗಳ ಕಾಗದಪತ್ರಗಳನ್ನು ಶ್ರಮಪಟ್ಟು ಶೋಧಿಸಿ ಗ್ರಂಥಗಳನ್ನು ರಚಿಸಿದರು. ಡನಿಂಗರ ಸ್ವಂತ ಗ್ರಂಥವು ಹೊರಬಿದ್ದುದು 1907ರಲ್ಲಿ. ಕರಿಯ ಜನರಿಗೆ ಮತಾಧಿಕಾರವಿತ್ತುದೇ ಪ್ರಮಾದ, ದುರಾಡಳಿತಕ್ಕೆ ಅದೇ ಮೂಲ ಎಂಬುದು ಈ ಪಂಥದ ಸಿದ್ಧಾಂತ. ಆಧಾರಸಂಗ್ರಹದಲ್ಲಿ ಇವರ ಶ್ರದ್ಧೆ ಕಡಮೆಯದಲ್ಲ. ವಿಮೋಚನೆ ಹೊಂದಿದವರ ಮಾತನ್ನು ಮಾತ್ರ ಇವರು ಸಾಕ್ಷ್ಯವೆಂದು ಎಣಿಸಲಿಲ್ಲ. ಪಠ್ಯಪುಸ್ತಕಗಳು ಬಹುಕಾಲ ಈ ಮತವನ್ನೇ ಅನುಸರಿಸಿದುವು.

ಡಬ್ಲ್ಯು. ಇ. ಬಿ. ಡು ಬಾಯ್ಸ್ ಅವರು 1909ರಲ್ಲಿ ಅಮೆರಿಕದ ಚರಿತ್ರಕಾರರ ಸಂಘದಲ್ಲಿ ಪ್ರಬಂಧವನ್ನೋದಿ, ದಕ್ಷಿಣದಲ್ಲಿ ಸರ್ವರಿಗೂ ಉಚಿತವಾದ ಪಾಠಶಾಲೆಗಳು ನೆಲೆಗೊಂಡುದು ಆ ನಿಂದಿತ ಸರ್ಕಾರಗಳಿಂದಲೇ ಎಂದು ವಾದಿಸಿದರು. 1935ರ ತಮ್ಮ ಮಹಾಗ್ರಂಥದ ಕಡೆಯ ಅಧ್ಯಾಯದಲ್ಲಿ ಪಠ್ಯಪುಸ್ತಕಗಳನ್ನೇ ಪರೀಕ್ಷೆಗೆ ಗುರಿಪಡಿಸಿದರು. ಗುಲಾಮರು ತೋಟಗಳನ್ನು ತೊರೆದು ಹೋದುದನ್ನು ಅದರಲ್ಲಿ ಸಾರ್ವತ್ರಿಕ ಮುಷ್ಕರವೆಂದು ಕರೆದಿರುವುದು ಇಂದಿಗೂ ಚರ್ಚಾಸ್ಪದವೇ. ಆದರೆ ಸಂಘದ ಪತ್ರಿಕೆಯು ಗ್ರಂಥವನ್ನು ಆಗ ವಿಮರ್ಶಿಸಲೇ ಇಲ್ಲ. ಪಂಡಿತರ ಮೌನವೂ ಒಂದು ಬಗೆಯ ತೀರ್ಪಷ್ಟೆ!

ಡು ಬಾಯ್ಸರ ಪಕ್ಷವನ್ನು ಬಹುಮಟ್ಟಿಗೆ ಎತ್ತಿಹಿಡಿದ ಎರಿಕ್ ಫೋನರ್ ಅವರ ಬೃಹದ್ಗ್ರಂಥವು 1988ರಲ್ಲಿ ಪ್ರಕಟವಾಯಿತು. ಅವರು ಆಗ ಪಾಠ ಹೇಳುತ್ತಿದ್ದುದು ಅದೇ ಕೊಲಂಬಿಯದಲ್ಲಿ.